ನೀ ಬಿಟ್ಟ ಸಾಲು ಖಾಲಿ ಉಳಿಯಲಿಲ್ಲ, ಶೈಲಾ

ಸುಳ್ಳು ಅಂತ ಯಾರಾದರೂ ಹೇಳಿ…

ಬೆಳಿಗ್ಗೆ ಕಾಲೇಜು ಗ್ರೂಪ್‌ನಲ್ಲಿ ಶೈಲಾಳ ಫೋಟೊ.
ಹೊಸ ಪ್ರೋಗ್ರಾಮ್ ಇರಬೇಕು ಅಂದುಕೊಂಡು ಹಾರ್ಟ್ ಒತ್ತಿಬಿಟ್ಟೆ…
ಆಮೇಲೆ ಕೆಳಗಿನದು ಓದಿದೆ.
ಧಾರವಾಡದಲ್ಲಿ. ನಿದ್ದೆಯಲ್ಲೇ. ಹೃದಯಾಘಾತ.

ಕೂಸಿನ ಎದೆ ಮೇಲೆ ಕೈಯಿಟ್ಟು, ಉಸಿರು ಇದೆಯಾ ಅಂತ ನೋಡುತ್ತಾ ನಿದ್ದೆಗೆಡುವವಳು ನಾನು.
ನಿಂತದ್ದು ಇವಳ ಉಸಿರಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ…
ಗೋಕಾಕದ ಕಾಲೇಜಿನಲ್ಲಿ ನನ್ನ ಬೆಂಚಿನ ಗೆಳತಿ.
ಮಮದಾಪುರದ ಭಜನೆಯಲ್ಲಿ, ಮುಂದೆ ನಿಂತು ಹಾಡಿಸುವ ಬಸಪ್ಪ ಕಾಕಾನ ಪಕ್ಕ ಕೂತು ಹಾಡಿ ಬೆಳೆದವಳು.
ಮುಂದೆ ಹಿಂದೂಸ್ತಾನಿ ಕಲಿತಳು.
ಹೋದ ವರ್ಷ ಯಾರೂ ನೆನೆಸದ ಕೆಲಸ ಮಾಡಿದಳು. ಯುರೋಪಿನ ಹಳೇ ಬರೋಕ್ ಆರಿಯಾಗಳನ್ನು, ಅಲ್ಲಿನ ಸಂಗೀತ ನಾಟಕಗಳಲ್ಲಿ ಒಬ್ಬರೇ ಹಾಡುವ ಹಾಡುಗಳನ್ನು, ರೆಕಾರ್ಡ್ ಮಾಡಿದಳು.
ಇಟಾಲಿಯನ್ ಭಾಷೆ, ಪಿಟೀಲು… ಮಮದಾಪುರದ ಗಂಟಲು!

ದೊಡ್ಡ ಊರುಗಳವರು ಕಮೆಂಟ್‌ನಲ್ಲಿ ಟೆಕ್ನಿಕ್ ಹೊಗಳಿದರು.
ಅವಳಿಗೆ ಸಾಕಾಗಲಿಲ್ಲ.
"ನಮ್ಮ ಮಂದಿ ಏನಂತಾರ, ಅದನ್ನ ಹೇಳ. ಅವ್ರಿಗೆ ಇದು ಹಾಡು ಅನ್ನಸ್ಲಿಲ್ಲಂದ್ರ ನಾ ಏನ್ ಹಾಡಿದಂಗಾತು?"

ಸಿಕ್ಕವರಿಗೆಲ್ಲ ಕೇಳಿಸಿದೆ.

ಮೂಡಲಗಿಯ ನಮ್ಮ ಮನೆಯಲ್ಲಿ ಅತ್ತೆಯವರು: "ಭಾಷಿ ತಿಳಿವಲ್ದು. ಆದ್ರ ಹುಡುಗಿ ಯಾರನ್ನೋ ಕರ್ಯಾಕತ್ತಾಳ. ಅವಾ ಬರವಲ್ಲ."

ಮೈದುನ: "ವೈನಿ, ನಿಮ್ಮ ಫೋನ್ ಕೆಟ್ಟೈತಿ ನೋಡ್ರಿ. ಮತ್ತ ಮೊದಲಿಂದ ಹೊಂಟೈತಿ!"
ಕೆಟ್ಟಿರಲಿಲ್ಲ. ಆ ಹಾಡುಗಳ ರೀತಿಯೇ ಅದು. ನಡುವಿನ ಭಾಗ ಮುಗಿದ ಮೇಲೆ ಮೊದಲಿನದು ತಿರುಗಿ ಬರುತ್ತದೆ, ಒಂದಿಷ್ಟು ಹೊಸ ಕುಸುರಿ ಹಾಕಿಕೊಂಡು…

ಹುಕ್ಕೇರಿಯಿಂದ ನನ್ನ ಅಕ್ಕ: "ಎಮ್ಮಿ ಹಿಂಡುವಾಗ ಹಚ್ಚಿದ್ನಿ. ಎಮ್ಮಿ ಸುಮ್ನ ನಿಂತ್ತು, ನಾನೂ ಸುಮ್ನ ಕುಂತ್ನಿ. ಡೇರಿಗೆ ಹಾಲು ತಡಾ ಆತು. ಬೈಗಳಾ ನಿನ್ನ ಗೆಳತಿಗೆ ಕಳಸ್ತೇನಿ."

ಶೈಲಾ… ಇದನ್ನೆಲ್ಲ ಹೇಳಿದಾಗ ಎಷ್ಟು ನಕ್ಕೆ ನೀನು.
ನಕ್ಕು ಮುಗಿದ ಮೇಲೆ ಒಂದೇ ಪ್ರಶ್ನೆ: "ಕಾಕಾ?"
ಕಾಕಾ ಬಾಯಿಬಿಟ್ಟಿರಲಿಲ್ಲ.

ಆಮೇಲೆ ಆ ವಿಡಿಯೊ ಬಂತು, ನೆನಪಿದೆಯಾ?
ಮಮದಾಪುರದ ಗುಡಿ. ಸ್ಪೀಕರ್‌ನಲ್ಲಿ ನಿನ್ನ ರೆಕಾರ್ಡಿಂಗ್. ಸುತ್ತ ಭಜನಾ ಮಂಡಳಿ.
ನೀನು ಒಂದು ಸಾಲು ಹಾಡಿ ನಿಲ್ಲಿಸುತ್ತೀಯ… ಪಿಟೀಲು ಬರಬೇಕಾದ ಜಾಗ.
ಅಲ್ಲಿ ಎಲ್ಲ ಗಂಟಲೂ ಒಟ್ಟಿಗೆ ನಿನ್ನ ಸಾಲನ್ನು ಎತ್ತಿಕೊಂಡವು!
ಪದವಿಲ್ಲ, ಬರೀ ಧಾಟಿ. ಜೊತೆಗೆ ತಾಳ.
ಭಜನೆಯಲ್ಲಿ ಮುಂದಿನವರು ಸಾಲು ಬಿಟ್ಟರೆ ಹಿಂದಿನವರು ಎತ್ತಿಕೊಳ್ಳಲೇಬೇಕಲ್ಲ… ಪಾಪ, ಪಿಟೀಲು ಕೇಳಿಸಲೇ ಇಲ್ಲ.

ಕೊನೆಗೆ ಕಾಕಾ ಅಂದರು: "ನಮ್ಮ ಜಾಗಾ ನಮಗ ಬಿಟ್ಟು ಹಾಡೀಯವ್ವಾ, ಶಾಣ್ಯಾಕಿ. ಆ ಪಿಟೀಲದಾವಗ ಹೇಳ, ನಡುವ ಬರಬ್ಯಾಡಂತ."

ನೀನು ಫೋನಿನಲ್ಲಿ ನಗುತ್ತಲೇ ಅತ್ತುಬಿಟ್ಟೆ. "ಪಾಸಾದ್ನಿ ಬೇ ನಾ…"

ಇವತ್ತು ನನಗೆ ಬರಲಾಗಲಿಲ್ಲ.
"ಕೈಗೂಸು ಐತಿ, ಮಣ್ಣಿಗೆ ಹೋಗಬ್ಯಾಡ" ಅಂದರು ಅತ್ತೆಯವರು.
ಸಂಜೆ ನಿನ್ನ ತಮ್ಮ ವಿಡಿಯೊ ಕಾಲ್ ಮಾಡಿ ಫೋನ್ ಹಿಡಿದ.
ಮಮದಾಪುರಕ್ಕೆ ತಂದು ನಿನ್ನನ್ನು ಕೂರಿಸಿದ್ದರು. ಎದುರಿಗೆ ಭಜನೆ.
ಕಾಕಾನ ದನಿ ಕೇಳಿತು: "ಸ್ಪೀಕರ್ ಹಚ್ರಿ. ಮುಂದ ಆಕೀನ ಹಾಡ್ಲಿ."

ನೀನು ಹಾಡಿದೆ. ಅವರು ಎತ್ತಿಕೊಂಡರು.
ನಡುವಿನ ಭಾಗ ಮುಗಿಯಿತು. ಮೊದಲಿನದು ತಿರುಗಿ ಬಂತು…
ಈ ಸಲ ಅವರ ಜಾಗದಲ್ಲಿ ಬರೀ ಪಿಟೀಲು.

ಆಮೇಲೆ ಕಾಕಾ ಒಬ್ಬರೇ, ಒಡೆದ ದನಿಯಲ್ಲಿ, ನಿನ್ನ ಸಾಲು ಎತ್ತಿಕೊಂಡರು.
ಇಲ್ಲಿ ಕೂಸನ್ನು ತಟ್ಟುತ್ತಾ, ಒಂದು ದಿನವೂ ಹಾಡದ ನಾನೂ…

ಹೋಗಿ ಬಾ ಗೆಳತಿ.
ನಿನ್ನ ಜೀವ ಬಯಲಲ್ಲಿ ತಣ್ಣಗಿರಲಿ.
ನೀ ನಿಲ್ಲಿಸಿದಲ್ಲಿ ನಾವಿದ್ದೇವೆ… 🙏