ತಪ್ಪು ಚೀಟಿಗಳ ಡಬ್ಬ

ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಒಂದು ನಕ್ಷೆ ಕೋಣೆಯಿದೆ. ಊರಿನ ಯಾವ ರಸ್ತೆಯಡಿ ಯಾವ ಪೈಪು ಮಲಗಿದೆ, ಎಲ್ಲಿ ಮಗ್ಗುಲು ಬದಲಿಸಿದೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ಕೋಣೆಯನ್ನು ನೋಡಿಕೊಳ್ಳುತ್ತಿರುವಾಕೆಯನ್ನು ಇಡೀ ಕಚೇರಿ ಕರೆಯುವುದು ಚೀಟಿಯಕ್ಕ ಎಂದು.

ಮೊದಲೆಲ್ಲ ಕಾಗದದ ನಕ್ಷೆಗಳು. ಬೇಕಾದವರು ಕಿಟಕಿಯ ಮುಂದೆ ನಿಂತು ಚೀಟಿ ಬರೆದುಕೊಡಬೇಕಿತ್ತು. ಹಾರೆ ಹಿಡಿದ ಕೈಗೆ ಪೆನ್ನು ಅಷ್ಟು ಸುಲಭವಾಗಿ ಒಗ್ಗುತ್ತದೆಯೇ? ಹನ್ನೆರಡು ಹಾಳೆಯ ಪುಸ್ತಕದಲ್ಲಿ ನಲವತ್ತನೆಯ ಹಾಳೆ ಕೇಳುವವರು, ಭೂಮಿಯ ಮೇಲೇ ಇಲ್ಲದ ಬೀದಿ ಕೇಳುವವರು, ಅರ್ಧ ಬರೆದು ಟೀ ಕುಡಿಯಲು ಹೋದವರು. ಒಬ್ಬ ಪುಣ್ಯಾತ್ಮನಂತೂ ಚೀಟಿಯಲ್ಲಿ ‘ಎಲ್ಲಾ’ ಎಂದಷ್ಟೇ ಬರೆದಿದ್ದ.

ಚೀಟಿಯಕ್ಕ ಯಾರ ಮೇಲೂ ರೇಗಿದವಳಲ್ಲ, ಕಿಟಕಿ ಮುಚ್ಚಿದವಳೂ ಅಲ್ಲ. ತಪ್ಪು ಚೀಟಿಯ ಮೇಲೆ ಕೆಂಪು ಪೆನ್ಸಿಲಿನಿಂದ ಒಂದೇ ಸಾಲಿನ ಕಾರಣ ಬರೆದು ಹಿಂತಿರುಗಿಸುವಳು. ಕಾರ್ಬನ್ ಪ್ರತಿಯನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, “ಮುಂದಿನವರು ಬನ್ನಿ” ಎನ್ನುವಳು. ಮನೆಯಲ್ಲೂ ಇದೇ ಕ್ರಮ. ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗಲೇ ಎಂದು ಕೇಳಿ, ಕಾರಣಸಹಿತ ನಿರಾಕರಣೆ ಪಡೆದ ಮಗಳು ಒಮ್ಮೆ ಕೈಮುಗಿದಿದ್ದಳು: “ಅಮ್ಮಾ, ಬೇಕಾದ್ರೆ ಎರಡು ಬೈದುಬಿಡು. ಕಾರಣ ಮಾತ್ರ ಕೊಡ್ಬೇಡ, ಜಗಳ ಆಡೋಕೂ ಜಾಗ ಇರಲ್ಲ.”

ಎರಡು ವರ್ಷದ ಹಿಂದೆ ನಕ್ಷೆಗಳೆಲ್ಲ ಕಂಪ್ಯೂಟರಿಗೆ ಏರಿದವು. ಕೋಣೆಯ ಮೂಲೆಯಲ್ಲಿ ಒಂದು ಸರ್ವರ್ ಬಂದು ಕೂತಿತು. ಊರಿನ ಎಲ್ಲ ಪಂಪ್‌ಹೌಸುಗಳ ಕಂಪ್ಯೂಟರುಗಳೂ ನಕ್ಷೆಗಾಗಿ ಅದನ್ನೇ ಕೇಳಬೇಕು. ಅದರ ಪ್ರೋಗ್ರಾಂ ಬರೆದವನು ಎರಡನೇ ಮಹಡಿಯ ಎಂಜಿನಿಯರ್. ತಲೆಯಲ್ಲಿ ಕೂದಲಿಲ್ಲದ ಕೊರತೆಯನ್ನು ಸದಾ ಒಂದು ಹೆಡ್‌ಫೋನ್ ತುಂಬಿಕೊಡುತ್ತಿದ್ದುದರಿಂದ ಅವನಿಗೆ ಹೆಡ್‌ಫೋನಣ್ಣ ಎಂದು ಹೆಸರು.

ಹೊಸ ಡಿಸ್ಕಿಗೆ ನಕ್ಷೆಗಳನ್ನು ಸಾಗಿಸಿದ ಮೇಲೆ ಸರ್ವರಿಗೆ ಒಂದು ರೋಗ ಹಿಡಿಯಿತು. ದಿನಾ ಹನ್ನೊಂದಕ್ಕೆ ಸರಿಯಾಗಿ ಥಟ್ಟನೆ ನಿಲ್ಲುವುದು. ನಕ್ಷೆ ಕೇಳಿದವರಿಗೆ ನಕ್ಷತ್ರ ಕಾಣುವುದು. ರಸ್ತೆ ಅಗೆಯುವವರು ಅಂದಾಜಿನ ಮೇಲೆ ಗುದ್ದಲಿ ಹಾಕುವುದು, ಕಾರಂಜಿ ಏಳುವುದು.

ಸೋಮವಾರ ಮುಖ್ಯ ಎಂಜಿನಿಯರರಿಂದ ಮೆಮೋ ಬಂತು. ಶುಕ್ರವಾರ ಹನ್ನೊಂದಕ್ಕೆ ತಾವೇ ಬಂದು ನೋಡುವರು. ಅಂದೂ ಸರ್ವರ್ ನಿಂತರೆ ನಕ್ಷೆ ಕೋಣೆ ಹೊರಗಿನ ಕಂಪನಿಯ ಪಾಲು, ಚೀಟಿಯಕ್ಕ ಶನಿವಾರದಿಂದ ಸಾಮಾನು ಉಗ್ರಾಣಕ್ಕೆ. ಆಕೆ ಮೆಮೋವನ್ನು ಎರಡು ಸಲ ಓದಿ, ಮಡಿಸಿ ಡಬ್ಬದಡಿ ಇಟ್ಟಳು. ನಟ್ಟು ಬೋಲ್ಟು ಎಣಿಸುತ್ತ ನಿವೃತ್ತಿಯಾಗುವ ಆಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಮಂಗಳವಾರ ಹೆಡ್‌ಫೋನಣ್ಣನನ್ನು ಕೆಳಗೆ ಕರೆಸಿ ಪಕ್ಕದಲ್ಲೇ ಕೂರಿಸಿಕೊಂಡಳು. ಹನ್ನೊಂದಾಯಿತು, ಸರ್ವರ್ ನಿಂತಿತು. ಕಡೆಯದಾಗಿ ಕೇಳಿದವರು ಯಾರೆಂದು ನೋಡಿದರೆ, ಊರಾಚೆಯ ಪಂಪ್‌ಹೌಸಿನ ವಾಲ್ವ್ ಮಾವನ ಕಂಪ್ಯೂಟರ್. ಮಾವ ವಾಲ್ವುಗಳನ್ನೆಲ್ಲ ತಿರುಗಿಸಿ ಮುಗಿಸಿ ಅದನ್ನು ಹಚ್ಚುವ ಹೊತ್ತು ಹನ್ನೊಂದು. ಆ ಹಳೇ ಯಂತ್ರ ನಕ್ಷೆಯ ಹೆಸರು ಹೇಳದೆ, ಹಳೇ ಡಿಸ್ಕಿನಲ್ಲಿ ನಕ್ಷೆಯಿದ್ದ ಜಾಗದ ಗುರುತನ್ನು ನೆನಪಿಟ್ಟುಕೊಂಡು ಅದನ್ನೇ ಕೇಳುತ್ತಿತ್ತು. ಆ ಜಾಗ ಈಗೆಲ್ಲಿದೆ?

“ನೋಡಿ ಅಕ್ಕ, ತಪ್ಪು ನಮ್ಮದಲ್ಲ,” ಎಂದ ಹೆಡ್‌ಫೋನಣ್ಣ. “ಅವರು ಕೇಳಿದ್ದೇ ತಪ್ಪು. ಅರ್ಥವಿಲ್ಲದ್ದನ್ನ ಕೇಳಿದ್ರೆ ನಮ್ಮಲ್ಲೇ ಏನೋ ಕೆಟ್ಟಿದೆ ಅಂದ್ಕೊಂಡು ಸರ್ವರ್ ತಾನಾಗೇ ನಿಲ್ಲುತ್ತೆ. ಸುರಕ್ಷತೆ.”

“ಅಲ್ಲಪ್ಪಾ, ಹೋಟೆಲಲ್ಲಿ ಗಿರಾಕಿ ಇಲ್ಲದ ತಿಂಡಿ ಕೇಳಿದ್ರೆ ಸರ್ವರ್ ಮೂರ್ಛೆ ಬೀಳ್ತಾನಾ? ‘ಇಲ್ಲ ಸಾರ್’ ಅಂದು ಪಕ್ಕದ ಟೇಬಲ್‌ಗೆ ಹೋಗಲ್ವಾ?”

“ಹಂಗಾದ್ರೆ ಮಾವನ ಮಿಷಿನ್ನನ್ನೇ ಕಟ್ ಮಾಡಿಬಿಡ್ತೀನಿ.”

“ಮಾವನಿಗೆ ನಕ್ಷೆ ಬೇಡ್ವಾ? ಇವತ್ತು ಮಾವನ್ನ ಕಟ್ ಮಾಡ್ತೀಯ, ನಾಳೆ ಇನ್ನೊಬ್ಬರು ತಪ್ಪು ಕೇಳ್ತಾರೆ, ನಾಡಿದ್ದು ಮತ್ತೊಬ್ಬರು. ಕಡೇಗೆ ನೀನು, ನಾನು, ಸರ್ವರ್ ಮೂವರೇ. ತಪ್ಪು ಕೇಳೋದು ಅವರ ಹಣೆಬರಹ ಕಣಪ್ಪ, ಸರಿಯಾಗಿ ಉತ್ತರ ಕೊಡೋದು ನಮ್ಮ ಕೆಲಸ.”

ಗೊಣಗಿಕೊಂಡೇ ಅವನು ಪ್ರೋಗ್ರಾಂ ತಿದ್ದಿದ. ಏನೇ ಅಸಂಬದ್ಧ ಕೇಳಲಿ, ನಿಲ್ಲದೆ ‘ತಪ್ಪು’ ಎಂದು ಉತ್ತರಿಸಬೇಕು. ಬುಧವಾರ ಹನ್ನೊಂದಕ್ಕೆ ಸರ್ವರ್ ನಿಲ್ಲಲಿಲ್ಲ. ಹೆಡ್‌ಫೋನಣ್ಣ ಕಾಲರ್ ಸರಿಮಾಡಿಕೊಂಡ. ಹನ್ನೊಂದೂಕಾಲಿಗೆ ಅದು ಉಸಿರುಕಟ್ಟಿ ಬಿತ್ತು. ಮಾವನ ಕಂಪ್ಯೂಟರ್ ಅದೇ ಕೋರಿಕೆಯನ್ನು ನಿಮಿಷಕ್ಕೆ ಸಾವಿರ ಸಲ ಕೇಳಿತ್ತು. ಅದು ಕೋರಿಕೆಯಲ್ಲ, ಕೊರೆತ.

ಚೀಟಿಯಕ್ಕ ಫೋನೆತ್ತಿದಳು. “ಮಾವ, ಏನು ಒತ್ತಿದ್ರಿ?”

“ನಾನೇನೂ ಮುಟ್ಟಿಲ್ಲಮ್ಮಾ, ಅದಷ್ಟಕ್ಕದೇ ಕೇಳ್ತಾ ಇದೆ. ನನ್ನ ಮೊಮ್ಮಗಳ ಥರ. ಯಾಕೆ ಆಗಲ್ಲ ಅಂತ ಹೇಳೋವರೆಗೂ ಅವಳೂ ಬಿಡಲ್ಲ.”

ಆಕೆ ಫೋನಿಟ್ಟು ಹೆಡ್‌ಫೋನಣ್ಣನ ಕಡೆ ತಿರುಗಿದಳು. “ಕೇಳಿಸ್ಕೊಂಡ್ಯಾ? ಬರೀ ತಪ್ಪು ಅಂದ್ರೆ ಮನುಷ್ಯ ಅದೇ ಚೀಟಿ ಹಿಡ್ಕೊಂಡು ಮತ್ತೆ ಸಾಲಲ್ಲಿ ನಿಲ್ತಾನೆ. ಯಾಕೆ ತಪ್ಪು ಅಂದ್ರೆ ತಿದ್ಕೊಂಡು ಬರ್ತಾನೆ, ಇಲ್ಲಾ ಮನೆಗೆ ಹೋಗ್ತಾನೆ.”

“ಎಷ್ಟು ಥರದ ತಪ್ಪಿಗೆ ಅಂತ ಬರೀಲಿ ಅಕ್ಕ? ತಪ್ಪಿಗೆ ಲೆಕ್ಕ ಇದೆಯಾ?”

“ಇದೆ,” ಎಂದು ಆಕೆ ಬಿಸ್ಕತ್ತಿನ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಇಪ್ಪತ್ತು ವರ್ಷದ ತಪ್ಪು ಚೀಟಿಗಳು! ಗುರುವಾರ ಬೆಳಗ್ಗೆ ಇಬ್ಬರೂ ಅವನ್ನು ವಿಂಗಡಿಸಿದರು. ಸಾವಿರಾರು ಜನ ಎಡವಿದ್ದರೂ ಎಡವಿದ ಕಲ್ಲುಗಳು ಏಳೇ ಏಳು. ಕೇಳಿದ್ದು ಇಲ್ಲ. ಇದ್ದ ಜಾಗ ಬದಲಾಗಿದೆ. ನಿಮಗೆ ಅಧಿಕಾರವಿಲ್ಲ. ಅಷ್ಟು ಹಾಳೆಗಳಿಲ್ಲ. ಬರಹ ಅರ್ಧಕ್ಕೇ ನಿಂತಿದೆ. ಏನು ಕೇಳಿದಿರೋ ತಿಳಿಯಲಿಲ್ಲ. ಏಳನೆಯದು ಆ ‘ಎಲ್ಲಾ’. ಹೆಡ್‌ಫೋನಣ್ಣ ಒಂದೊಂದಕ್ಕೂ ಒಂದೊಂದು ಉತ್ತರ ಬರೆದ. ಚೀಟಿಯಕ್ಕ ಹಳೇ ಚೀಟಿಗಳನ್ನೇ ಒಂದೊಂದಾಗಿ ಟೈಪು ಮಾಡಿ ಸರ್ವರಿಗೆ ಒಡ್ಡಿದಳು. ಅರ್ಧ ಬರೆದ ಚೀಟಿಗೆ ಅದು ಉಳಿದರ್ಧಕ್ಕಾಗಿ ಕಾಯುತ್ತ ಕೂತುಬಿಟ್ಟಿತು. ತಿದ್ದಿದರು. ‘ಎಲ್ಲಾ’ ಎಂದಾಗ ಎಲ್ಲವನ್ನೂ ಕೊಡಹೋಗಿ ಮುಗ್ಗರಿಸಿತು. ಮತ್ತೆ ತಿದ್ದಿದರು. ಬೆಳಗ್ಗೆ ಅವನ ಕಿವಿಯ ಮೇಲಿದ್ದ ಹೆಡ್‌ಫೋನ್ ಮಧ್ಯಾಹ್ನ ಕೊರಳಿಗಿಳಿಯಿತು, ಸಂಜೆಗೆ ಗೋಡೆಯ ಮೊಳೆಗೆ ಹೋಯಿತು.

“ಇನ್ನೊಂದು ಸಲ ನೋಡೋಣ,” ಎನ್ನುತ್ತಲೇ ಇದ್ದಳು ಚೀಟಿಯಕ್ಕ.

“ಅಕ್ಕ, ಹನ್ನೊಂದು ಸಲ ಆಯ್ತು!”

“ಹನ್ನೊಂದು ಗಂಟೆಗಲ್ವಾ ಪರೀಕ್ಷೆ? ಹನ್ನೆರಡನೇದೂ ಆಗಲಿ.”

ಶುಕ್ರವಾರ ಮುಖ್ಯ ಎಂಜಿನಿಯರ್ ಗಡಿಯಾರ ನೋಡಿಕೊಳ್ಳುತ್ತಲೇ ಮೆಟ್ಟಿಲಿಳಿದರು. ಹನ್ನೊಂದಾಯಿತು. ಪರದೆಯ ಮೇಲೆ ಮಾವನ ಕಂಪ್ಯೂಟರಿನ ಕೋರಿಕೆ ಮೂಡಿತು, ಅದರ ಕೆಳಗೇ ಸರ್ವರಿನ ಉತ್ತರ: ‘ಜಾಗ ಬದಲಾಗಿದೆ. ಹೆಸರು ಹಿಡಿದು ಕೇಳಿ.’ ಮಾವನ ಕಂಪ್ಯೂಟರ್ ಹೆಸರು ಹಿಡಿದು ಕೇಳಿತು. ನಕ್ಷೆ ಹೋಯಿತು. ಬೇರೆ ಪಂಪ್‌ಹೌಸಿನವರಿಗೆ ಇದಾವುದೂ ಗೊತ್ತೇ ಆಗಲಿಲ್ಲ. ಅವರವರ ನಕ್ಷೆಗಳು ಅವರವರಿಗೆ ಹರಿಯುತ್ತಲೇ ಇದ್ದವು.

ಹನ್ನೊಂದೂವರೆಯಾದರೂ ಸಾಹೇಬರು ಕದಲಲಿಲ್ಲ. “ಏನೂ ಆಗಲೇ ಇಲ್ವಲ್ರೀ?”

“ಏನೂ ಆಗಬಾರದು ಅಂತಲೇ ಸಾರ್ ನಾಲ್ಕು ದಿನ ಒದ್ದಾಡಿದ್ದು,” ಎಂದಳು ಚೀಟಿಯಕ್ಕ.

ಅನುಮಾನ ಹೋಗದೆ ಸಾಹೇಬರು ತಾವೇ ಕೂತು ಕೀಲಿಗಳ ಮೇಲೆ ಅಂಗೈಯಿಟ್ಟು ಒತ್ತಿದರು. ಉತ್ತರ ಬಂತು: ‘ಏನು ಕೇಳಿದಿರೋ ತಿಳಿಯಲಿಲ್ಲ. ಸರಿಯಾಗಿ ಬರೆದು ಕೇಳಿ.’ ಹೆಡ್‌ಫೋನಣ್ಣ ಗೋಡೆಯ ಕಡೆ ತಿರುಗಿ ಕೆಮ್ಮಿದ.

“ಇದು ನನಗೇ ಹೇಳ್ತಾ ಇದೆಯಲ್ಲ!”

“ಸರ್ವರ್ ಅಂದ್ಮೇಲೆ ಸರ್ವರಿಗೂ ಒಂದೇ ಸಾರ್,” ಎಂದಳು ಚೀಟಿಯಕ್ಕ.

ಸಾಹೇಬರು ಎದ್ದು, ಆ ಮೆಮೋ ವಾಪಸು ಕೊಡಿ ಎಂದರು. ಚೀಟಿಯಕ್ಕ ಡಬ್ಬದಡಿಯಿಂದ ಅದನ್ನು ತೆಗೆದು, ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು ಒಂದು ಸಾಲು ಬರೆದು ಕೈಗಿತ್ತಳು. ಸಾಹೇಬರು ಕನ್ನಡಕ ಏರಿಸಿ ಓದಿದರು: ‘ಕೋರಿದ ವ್ಯಕ್ತಿ ಜಾಗ ಬದಲಿಸಿಲ್ಲ.’

ಅವರು ನಗು ನುಂಗಿಕೊಂಡು ಮೆಮೋವನ್ನು ಎರಡಾಗಿ ಹರಿದು ಜೇಬಿಗೆ ಹಾಕಿದರು. ಬಾಗಿಲಲ್ಲಿ ಮಣ್ಣುಗಾಲಿನ ಪೈಪಿನವನೊಬ್ಬ ನಿಂತಿದ್ದ. ಕಂಪ್ಯೂಟರನ್ನು ನಂಬದ ಅವನ ಕೈಯಲ್ಲಿ ಇನ್ನೂ ಚೀಟಿಯೇ ಇತ್ತು, ಅದರಲ್ಲಿ ಬೀದಿಯ ಹೆಸರೇ ಇರಲಿಲ್ಲ.

“ಮುಂದಿನವರು ಬನ್ನಿ,” ಎಂದಳು ಚೀಟಿಯಕ್ಕ.