ಮೊಬೈಲಿನಲ್ಲಿ ಮುಗಿದ ರಸ್ತೆ

ಮಳೆಯ ಮರುದಿನ ಎರೆಮಣ್ಣಿನಲ್ಲಿ ಹೂತ ಕಾರಿನ ಪಕ್ಕ ನಿಂತಿದ್ದ ಹಿರಿಯರೊಬ್ಬರು, ಸರ್ವೆಗೆ ಹೊರಟಿದ್ದ ನನ್ನನ್ನು ತಡೆದು ಮೊಬೈಲ್ ತೋರಿಸಿದರು. ಹೆಣ್ಣು ನೋಡಲು ಬಂದವರಂತೆ. “ತಿರ್ಲಾಪುರದ ರಸ್ತಾ ಇದ ಅಲ್ಲೇನ್ರಿ?”

ನೋಡಿದರೆ ನಾನೇ ಮಾಡಿದ ವಿಡಿಯೊ! ರಸ್ತೆ ವಿನ್ಯಾಸದ ಸಾಫ್ಟ್‌ವೇರ್‌ಗೆ ಪುಕ್ಕಟೆ ಟೂಲೊಂದನ್ನು ಜೋಡಿಸಿ ಡಾಂಬರು, ಸಾಲುಮರ, ಓಡುವ ಕಾರು ಎಲ್ಲ ಊರವರಿಗೆ ತೋರಿಸಿದ್ದೆ. ಟೆಂಡರ್ ಕೂಡ ಆಗದ ರಸ್ತೆ ವಾಟ್ಸ್‌ಆ್ಯಪ್‌ನಲ್ಲಿ ಗಂಡಿನ ಮನೆ ಮುಟ್ಟಿತ್ತು.

ಅಷ್ಟರಲ್ಲಿ ಬೀಗರನ್ನು ಕರೆಯಲು ಬಂದ ಹುಡುಗಿಯ ಕಾಕಾ ಹೆಮ್ಮೆಯಿಂದ, “ಇವ್ರ ನೋಡ್ರಿ, ಈ ರಸ್ತಾ ಮಾಡಿದ ಇಂಜಿನಿಯರ್ ಸಾಹೇಬ್ರು!” ಎಂದರು.

ಹಿರಿಯರು ಧೋತರ ಎತ್ತಿ ಕಟ್ಟಿದರು. “ಅಗದಿ ಚಲೋ ಮಾಡೀರ್ರಿ. ಈಗ ಹಿಂದಿಂದ ಒಂದೀಟು ದಬ್ಬ್ರಿ.”

ದಬ್ಬಿದೆ.

ಆ ಟೂಲಿನ ಹೊಸ ಆವೃತ್ತಿ ಮಳೆಯನ್ನೂ ತೋರಿಸುತ್ತದಂತೆ, ಅದೂ ಪುಕ್ಕಟೆ. ನಾನು ಇಳಿಸಿಕೊಂಡಿಲ್ಲ. ಮಳೆಯಲ್ಲಿ ನನ್ನ ರಸ್ತೆ ಹೇಗಿರುತ್ತದೆಂದು ನನ್ನ ಪ್ಯಾಂಟಿಗೇ ಗೊತ್ತಿದೆ.