ಇನ್ನೂರು ಕುರಿ ಸಮೇತ ತಲೆಮರೆಸಿಕೊಂಡವನು

ಇನ್ನೂರು ಕುರಿಗಳ ಸಮೇತ ಒಬ್ಬ ಮನುಷ್ಯನನ್ನು ತಲೆಮರೆಸಿಕೊಳ್ಳುವಂತೆ ಮಾಡಿದ ಪುಣ್ಯಾತ್ಮರು ಈ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ. ನಗಿ, ಪರವಾಗಿಲ್ಲ. ನೆನೆಸಿಕೊಂಡರೆ ಮೊದಲು ನನಗೂ ನಗು ಬರುತ್ತದೆ, ಆಮೇಲೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಬಾಗೂರಿನ ಹತ್ತಿರ ನನ್ನ ತವರಿನ ಹೊಲದ ಪಕ್ಕದಲ್ಲೇ ಕರಿಯಣ್ಣನ ಮನೆ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ನಾನು ಸ್ಲೇಟು ಹಿಡಿದು ಶಾಲೆಗೆ ಹೋದೆ, ಅವನು ಕೋಲು ಹಿಡಿದು ಕುರಿ ಹಿಂದೆ ಹೋದ. ಹಾಗಾಗಿ ಅಕ್ಷರವಿರುವ ಏನೇ ಬಂದರೂ ಹೊಸದುರ್ಗದಲ್ಲಿರುವ ನನಗೆ ಫೋನು. ರೇಷನ್ ಕಾರ್ಡಿನಿಂದ ಹಿಡಿದು ಕುರಿ ಔಷಧಿಯ ಬಾಟಲಿವರೆಗೆ ನಾನೇ ಅಥಾರಿಟಿ. (ಮನೆಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೇಳುವವನೊಬ್ಬ ಸಿಕ್ಕರೆ ಬಿಡುವುದುಂಟೆ?)

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕಾ, ನಿನ್ನೆ ಕೋರ್ಟಿನ ಅಮೀನ ಸಮನ್ಸ್ ಹಿಡ್ಕಂಡು ಮನೆತಾವ ಬಂದಿದ್ನಂತೆ. ನಾ ಕುರಿ ಹೊಡ್ಕಂಡು ಹೋಗಿದ್ದೆ. ಪಕ್ಕದ ತೆಂಗಿನತೋಟದೋರು ಕೇಸ್ ಹಾಕ್ಯಾರಂತೆ, ನಮ್ ಕುರಿ ಅವರ ಬದಿನಾಗೆ ಕೆರೆಗೆ ಹೋಗಬಾರ್ದು ಅಂತ. ಅಮೀನ ನಾಡಿದ್ದು ಮತ್ತೆ ಬತ್ತಾನಂತೆ. ನನ್ನ ಜೈಲಿಗೆ ಹಾಕ್ತಾರೇನಕ್ಕಾ?"

ಅವನ ಅಪ್ಪನ ಕಾಲದಿಂದಲೂ ಕುರಿಗಳು ನೀರಿಗೆ ಹೋಗುವುದು ಅದೇ ದಾರಿಯಲ್ಲಿ. ಅದು ಹೋದರೆ ದಿನಾ ಟಾರು ರಸ್ತೆ ಹಿಡಿದು, ಲಾರಿಗಳ ನಡುವೆ ಮರಿಗಳನ್ನು ದಾಟಿಸಿಕೊಂಡು ಊರೆಲ್ಲ ಸುತ್ತಬೇಕು. ಎಷ್ಟು ಮರಿ ಉಳಿದಾವು?

"ನನಗೆ ಗೊತ್ತಿಲ್ಲ, ವಕೀಲರನ್ನು ಕೇಳೋಣ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವವಳ ಬಾಯಲ್ಲಿ "ಗೊತ್ತಿಲ್ಲ" ಎಂಬ ಮಾತು ಬರುತ್ತದೆಯೇ? ಅಲ್ಲದೆ ಟಿವಿಯ ದಯೆಯಿಂದ ನನಗೆ ಕಾನೂನಿನ ಪದಗಳಿಗೇನೂ ಬರವಿಲ್ಲ. ವಿಚಾರಣಾಧೀನ ಕೈದಿ, ನ್ಯಾಯಾಂಗ ಬಂಧನ, ಸಜಾಬಂದಿ, ಪೆರೋಲ್... ಎಲ್ಲ ನಾಲಿಗೆಯ ತುದಿಯಲ್ಲೇ ಇವೆ. ಸಮಸ್ಯೆ ಒಂದೇ. ಇವೆಲ್ಲ ಜೈಲಿನವರಿಗೆ ಬೇಕಾದ ಪದಗಳು. ಸಿವಿಲ್ ಕೋರ್ಟಿಗೆ ಹೋಗಬೇಕಾದವನಿಗೆ ಇವುಗಳಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

"ಸಮನ್ಸ್ ಕೈಗೆ ಕೊಟ್ರೆ ತಾನೆ ಕಣೋ ಕೇಸು? ನೀನು ಅಮೀನನ ಕಣ್ಣಿಗೇ ಬೀಳಬ್ಯಾಡ. ಸ್ವಲ್ಪ ದಿನ ಹಿರಿಯೂರು ಕಡೆ ಹೋಗಿಬಿಡು" ಎಂದೆ. ಆಹಾ, ಎಂಥಾ ಗತ್ತು!

ಕರಿಯಣ್ಣ ಮರುದಿನವೇ ಮನೆಗೆ ಬೀಗ ಹಾಕಿ, ಹೆಂಡತಿಯನ್ನೂ ಕುರಿಗಳನ್ನೂ ಕರೆದುಕೊಂಡು ಹೊರಟ. ಗೊಬ್ಬರಕ್ಕೆಂದು ರೈತರ ಹೊಲಗಳಲ್ಲಿ ರಾತ್ರಿ ಕುರಿ ಮಂದೆ ತರುಬಿ ನಿಲ್ಲಿಸುತ್ತಾ ಆ ಕಡೆ ಹೋಗುವುದು ಅವನಿಗೆ ಪ್ರತಿ ವರ್ಷದ ರೂಢಿ. ಈ ಸಲ ಒಂದು ತಿಂಗಳು ಮುಂಚೆ ಹೋದ, ಅಷ್ಟೆ. ದಾರಿಯಲ್ಲಿ ಸಿಕ್ಕವರೆಲ್ಲ "ಏನಪ್ಪಾ, ಇಷ್ಟು ಬೇಗ ಬಂದೆ?" ಎಂದು ಕೇಳಿದರಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಕೋರ್ಟಿನೋರ ಕೈಗೆ ಸಿಗಬ್ಯಾಡ ಅಂತ ಅಕ್ಕ ಹೇಳ್ಯಾರೆ" ಎಂದನಂತೆ, ಎಲ್ಲರಿಗೂ!

ಇತ್ತ ಅಮೀನ ಬಂದ. ಬೀಗ ನೋಡಿದ. ಸಮನ್ಸನ್ನು ಬಾಗಿಲಿಗೆ ಅಂಟಿಸಿ ಹೋದ. ಆರು ವಾರ ಕಳೆದು ಕರಿಯಣ್ಣ ವಾಪಸ್ ಬಂದಾಗ ಕಾಗದದ ಕೆಳಗಿನ ಅರ್ಧವನ್ನು ಯಾರದೋ ಮೇಕೆ ತಿಂದಿತ್ತು. ಉಳಿದರ್ಧವನ್ನು ಹಿಡಿದುಕೊಂಡು ನಾವಿಬ್ಬರೂ ಹೊಸದುರ್ಗದ ವಕೀಲೆಯೊಬ್ಬರ ಆಫೀಸಿಗೆ ಹೋದೆವು. ನನ್ನ ಮಗಳ ವಯಸ್ಸಿನ ಹುಡುಗಿ.

"ಇದು ಸಿವಿಲ್ ದಾವೆ ಮೇಡಂ. ಇವರು ಆರೋಪಿ ಅಲ್ಲ, ಪ್ರತಿವಾದಿ. ಜೈಲಿನ ಮಾತೇ ಇಲ್ಲ. ಕೋರ್ಟಿಗೆ ಬಂದು ಜವಾಬು ಹಾಕಿದ್ರೆ ಸಾಕಿತ್ತು" ಎಂದಳು. ಕೇಸಿನ ನಂಬರನ್ನು ಕಂಪ್ಯೂಟರಿಗೆ ಹಾಕಿ ನೋಡಿ ಮುಂದುವರಿಸಿದಳು. "ಬಾಗಿಲಿಗೆ ಅಂಟಿಸಿದ್ರೂ ಸಮನ್ಸ್ ಜಾರಿಯಾದ ಹಾಗೇ. ಮೂರು ಸಲ ಹೆಸರು ಕೂಗಿದ್ದಾರೆ, ಇವರು ಬಂದಿಲ್ಲ. ಏಕಪಕ್ಷೀಯ ಅಂತ ಆದೇಶ ಆಗಿದೆ. ಇನ್ನು ಎದುರಿನವರ ಮಾತಷ್ಟೇ ಕೇಳಿ ತೀರ್ಪು ಕೊಡ್ತಾರೆ."

ಕರಿಯಣ್ಣ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

"ಈ ಆದೇಶ ರದ್ದು ಮಾಡಿ ಅಂತ ಅರ್ಜಿ ಹಾಕೋಣ. ಯಾಕೆ ಬರಲಿಲ್ಲ ಅಂತ ಅಫಿಡವಿಟ್‌ನಲ್ಲಿ ಕಾರಣ ಬರೀಬೇಕು. ಊರು ಬಿಟ್ಟು ಹೋಗಿ ಅಂತ ಇವರಿಗೆ ಯಾರು ಹೇಳಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಕರಿಯಣ್ಣ ಹೇಳಿದ. "ಯಾರೂ ಹೇಳಿಲ್ರಿ. ನಂದೇ ದಡ್ಡತನ. ಹಂಗೇ ಬರ್ಕಳ್ರಿ."

ನಿಜ ಹೇಳಿಬಿಡುತ್ತೇನೆ. ಆ ಕ್ಷಣಕ್ಕೆ ನನಗಾದದ್ದು ನಾಚಿಕೆಯಲ್ಲ, ನೆಮ್ಮದಿ. ನಾಚಿಕೆ ಬರುವಷ್ಟರಲ್ಲಿ ಅರ್ಜಿ ಟೈಪಾಗಿತ್ತು. ತಡೆಯಬಹುದಿತ್ತು. ತಡೆಯಲಿಲ್ಲ.

ಕಳೆದ ವಾರ ಅರ್ಜಿ ವಿಚಾರಣೆಗೆ ಬಂತು. ನ್ಯಾಯಾಧೀಶರು ಓದಿ, "ಇನ್ನು ಮೇಲೆ ಹೀಗೆ ತಪ್ಪಿಸಿಕೊಳ್ಳಬಾರದು" ಎಂದು ಕರಿಯಣ್ಣನಿಗೆ ಗದರಿ, ಆದೇಶ ರದ್ದು ಮಾಡಿದರು. ಅವನು ಕೈ ಮುಗಿದುಕೊಂಡು ಬೈಸಿಕೊಂಡ. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ದಾವೆ ಇನ್ನೂ ನಡೆಯಬೇಕು. ಸದ್ಯಕ್ಕೆ ಕುರಿಗಳು ಹಳೇ ದಾರಿಯಲ್ಲೇ ಕೆರೆಗೆ ಹೋಗುತ್ತಿವೆ.

ಹೊರಗೆ ಬಂದ ಮೇಲೆ ಕರಿಯಣ್ಣ, "ನೀವಿದ್ದಿದ್ದಕ್ಕೆ ಆತು ನೋಡಕ್ಕಾ" ಎಂದು ಚಹಾ ಬೇರೆ ಕುಡಿಸಿದ.

ಅಫಿಡವಿಟ್‌ನ ನಕಲು ನನ್ನ ಹತ್ತಿರವೇ ಇದೆ. "ನನ್ನ ಅಜ್ಞಾನದಿಂದ ಹಾಜರಾಗಲು ಆಗಿರುವುದಿಲ್ಲ" ಎಂದಿದೆ. ಅಜ್ಞಾನ ನನ್ನದು, ಕೆಳಗಿನ ಹೆಬ್ಬೆಟ್ಟು ಅವನದು. ಓದಿದವರು ಬಚಾವಾಗುವುದು ಹೀಗೇ ಅಲ್ಲವೆ?